ಆಗಸ್ಟ್ ತಿಂಗಳ ಸಾವುಗಳು: ಎಡ್ವರ್ಡ್ ದೊರೆಯ ಕಾಲದ ಯಾರ್ಕ್‌ನಲ್ಲಿ ಜನ ಯಾವುದರಿಂದ ಸಾಯುತ್ತಿದ್ದರು?

ಪ್ರಶ್ನೆ: ಸರ್, ಕೆಲಸದ ನಿಮಿತ್ತ ನಾವು ಇಂಗ್ಲೆಂಡಿನ ಯಾರ್ಕ್ ನಗರಕ್ಕೆ ಬಂದು ನೆಲೆಸಿದ್ದೇವೆ. ಮನೆಗೆ ಹತ್ತಿರದ ಹಳೆಯ ಸ್ಮಶಾನ ಈಗ ಉದ್ಯಾನದಂತಿದೆ. ಸಂಜೆ ಅಲ್ಲಿ ತಿರುಗಾಡುತ್ತೇವೆ. 1901ರಿಂದ 1911ರವರೆಗಿನ ಕಲ್ಲುಗಳ ಮೇಲೆ ವರ್ಷ ತುಂಬದ ಮಕ್ಕಳ ಹೆಸರುಗಳು ಬಹಳ. ಅದರಲ್ಲೂ ಆಗಸ್ಟ್, ಸೆಪ್ಟೆಂಬರ್ ಎಂದು ಬರೆದಿರುವುದೇ ಹೆಚ್ಚು. ಚಳಿಯ ದೇಶದಲ್ಲಿ ಬೇಸಿಗೆಯಲ್ಲಿ ಮಕ್ಕಳು ಏಕೆ ಸಾಯುತ್ತಿದ್ದರು? ಆಗ ಇಲ್ಲಿ ಪ್ಲೇಗ್, ಕಾಲರಾ ಏನಾದರೂ ಇತ್ತೇ? ನಮ್ಮ ಬೀದಿಯ ಇತಿಹಾಸ ಕಲೆಹಾಕುತ್ತಿರುವ ನೆರೆಯವರೊಬ್ಬರು 1906ರ ಮರಣ ಪ್ರಮಾಣಪತ್ರವೊಂದರ ನಕಲು ತೋರಿಸಿದರು. ಏಳು ತಿಂಗಳ ಮಗುವಿನದು. ಕಾರಣದ ಜಾಗದಲ್ಲಿ ‘ಕನ್ವಲ್ಷನ್ಸ್’ ಎಂದಷ್ಟೇ ಇದೆ. ಆಂಟಿಬಯಾಟಿಕ್ ಇಲ್ಲದ ಆ ಕಾಲದಲ್ಲಿ ಮುಂದೆ ಈ ಸಾವುಗಳು ಕಡಿಮೆಯಾದದ್ದಾದರೂ ಹೇಗೆ?

ಉತ್ತರ: ಪ್ಲೇಗೂ ಅಲ್ಲ, ಕಾಲರಾವೂ ಅಲ್ಲ. ನೀವು ನೋಡಿದ ಆ ಆಗಸ್ಟ್ ತಿಂಗಳ ಸಾವುಗಳಲ್ಲಿ ಬಹುಪಾಲು ವಾಂತಿಭೇದಿಯಿಂದ ಆದವು ಎಂದು ಧೈರ್ಯವಾಗಿ ಹೇಳಬಹುದು. ಇಂಗ್ಲೆಂಡಿನ ಆರೋಗ್ಯಾಧಿಕಾರಿಗಳು ಅದಕ್ಕೆ ‘ಬೇಸಿಗೆ ಭೇದಿ’ ಎಂದೇ ಹೆಸರಿಟ್ಟಿದ್ದರು. ಏಳನೆಯ ಎಡ್ವರ್ಡ್ ಪಟ್ಟದಲ್ಲಿದ್ದದ್ದು 1901ರಿಂದ 1910ರವರೆಗೆ. ಅಷ್ಟು ಹೊತ್ತಿಗೆ ಕಾಲರಾ ಇಂಗ್ಲೆಂಡಿನಲ್ಲಿ ಹಳೆಯ ಕಥೆಯಾಗಿತ್ತು. ದೇಶವ್ಯಾಪಿಯಾಗಿ ಅದು ಕೊನೆಯ ಬಾರಿ ಹಬ್ಬಿದ್ದು 1866ರಲ್ಲಿ. (ಕಾಲರಾ ನೀರಿನಿಂದ ಹರಡುತ್ತದೆ ಎಂದು ತೋರಿಸಿದ ಜಾನ್ ಸ್ನೋ ಹುಟ್ಟಿದ್ದು ನಿಮ್ಮ ಊರಿನಲ್ಲೇ, 1813ರಲ್ಲಿ, ನಾರ್ತ್ ಸ್ಟ್ರೀಟ್‌ನಲ್ಲಿ.) ಪ್ಲೇಗ್ ಒಂದಿಷ್ಟು ತಲೆಹಾಕಿದ್ದು ನಿಜ. 1900ರಲ್ಲಿ ಗ್ಲಾಸ್ಗೋದಲ್ಲಿ ಕೆಲವರು ಸತ್ತರು, ಆಮೇಲೆ ಸಫೋಕ್ ಸೀಮೆಯ ಕೆಲವು ಹಳ್ಳಿಗಳಲ್ಲಿ ಬೆರಳೆಣಿಕೆಯ ಜನ ಸತ್ತರು. ಅದೇ ವರ್ಷಗಳಲ್ಲಿ ಬೆಂಗಳೂರು, ಹುಬ್ಬಳ್ಳಿಗಳನ್ನು ಪ್ಲೇಗ್ ಗುಡಿಸಿಹಾಕಿದ ಕಥೆಯನ್ನು ಮನೆಯ ಹಿರಿಯರಿಂದ ಕೇಳಿದವರಿಗೆ ಇಲ್ಲೂ ಹಾಗೆಯೇ ಇದ್ದಿರಬೇಕು ಎನ್ನಿಸುವುದು ಸಹಜ. ಆದರೆ ಇಂಗ್ಲೆಂಡಿನ ಊರುಗಳನ್ನು ಆಗ ಕಾಡಿದವು ಇಂಥ ಹೆಸರಾಂತ ಮಾರಿಗಳಲ್ಲ. ಮನೆಮನೆಯಲ್ಲಿ ಪ್ರತಿ ವರ್ಷ ತಪ್ಪದೆ ಬಂದುಹೋಗುತ್ತಿದ್ದ, ಪತ್ರಿಕೆಯಲ್ಲಿ ಸುದ್ದಿಯೂ ಆಗದ ಕಾಯಿಲೆಗಳು.

ಮೊದಲು ಒಂದು ಎಚ್ಚರಿಕೆ. ಸ್ಮಶಾನದ ಕಲ್ಲುಗಳನ್ನು ಓದಿ ಊರಿನ ಸಾವಿನ ಲೆಕ್ಕ ಹಾಕಬೇಡಿ. ಕಲ್ಲು ನಿಲ್ಲಿಸುವುದಕ್ಕೆ ದುಡ್ಡು ಬೇಕಿತ್ತು. ಬಡವರ ಕೂಸುಗಳನ್ನು ಹೂಳುತ್ತಿದ್ದದ್ದು ಸಾರ್ವಜನಿಕ ಗುಂಡಿಗಳಲ್ಲಿ; ಸಂಬಂಧವೇ ಇಲ್ಲದ ಹಲವರ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಳಿಸಿ ಮಣ್ಣು ಮುಚ್ಚುತ್ತಿದ್ದರು, ಮೇಲೆ ಹೆಸರಿಲ್ಲ. ನೀವು ನಡೆದಾಡುವ ಖಾಲಿ ಹುಲ್ಲುಹಾಸಿನ ಕೆಳಗೂ ಅಂಥವು ಇರಬಹುದು. ಸತ್ತೇ ಹುಟ್ಟಿದ ಶಿಶುಗಳಂತೂ ಯಾವ ಸರ್ಕಾರಿ ಪುಸ್ತಕದಲ್ಲೂ ಇಲ್ಲ, ಏಕೆಂದರೆ ಇಂಗ್ಲೆಂಡಿನಲ್ಲಿ ಅವುಗಳ ನೋಂದಣಿ ಶುರುವಾದದ್ದೇ 1927ರಲ್ಲಿ. ಅಂದರೆ ನಿಮ್ಮ ಕಣ್ಣಿಗೆ ಬಿದ್ದ ಮಕ್ಕಳು ಒಂದಿಷ್ಟು ಅನುಕೂಲವಿದ್ದ ಮನೆಯವರು. ಅನುಕೂಲವಿದ್ದವರ ಮನೆಯಲ್ಲೇ ಹೀಗಾದರೆ ಉಳಿದವರ ಪಾಡೇನು?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1899ರಲ್ಲಿ ಹುಟ್ಟಿದ ಸಾವಿರ ಮಕ್ಕಳಿಗೆ 163 ಮಕ್ಕಳು ವರ್ಷ ತುಂಬುವುದರೊಳಗೆ ಸತ್ತಿದ್ದವು. 1901ರಲ್ಲಿ ಆ ಸಂಖ್ಯೆ 151. ಆ ದಶಕದ ಲೆಕ್ಕದಲ್ಲಿ ಸರಾಸರಿ ಆಯಸ್ಸು ಗಂಡಸಿಗೆ ಸುಮಾರು 48 ವರ್ಷ, ಹೆಂಗಸಿಗೆ 52. ಈ ಸರಾಸರಿಯನ್ನು ನೋಡಿ ಆಗಿನವರು ಐವತ್ತಕ್ಕೆ ಮುದುಕರಾಗಿ ಸಾಯುತ್ತಿದ್ದರು ಎಂದುಕೊಳ್ಳುವವರು ಬಹಳ. ಹಾಗಲ್ಲ. ಹಸುಗೂಸುಗಳ ಸಾವು ಸರಾಸರಿಯನ್ನು ಕೆಳಕ್ಕೆ ಜಗ್ಗುತ್ತಿತ್ತು. ಐದು ವರ್ಷ ದಾಟಿದ ಮಗುವಿಗೆ ಅರವತ್ತು ಕಾಣುವ ಸಾಧ್ಯತೆ ಚೆನ್ನಾಗಿಯೇ ಇತ್ತು.

ಈ ದೇಶಮಟ್ಟದ ಅಂಕಿಗಳಿಗಿಂತ ನಿಮ್ಮ ಊರಿನವು ಹೆಚ್ಚು ಮಾತಾಡುತ್ತವೆ. ಚಾಕೊಲೇಟ್ ಕಾರ್ಖಾನೆಯ ಮನೆತನದ ಸೀಬಮ್ ರೌನ್‌ಟ್ರೀ 1899ರಲ್ಲಿ ಯಾರ್ಕ್‌ನ ಕೂಲಿಕಾರರ ಮನೆಗಳನ್ನು ಒಂದೊಂದಾಗಿ ಸಮೀಕ್ಷೆ ಮಾಡಿಸಿ 1901ರಲ್ಲಿ ಪ್ರಕಟಿಸಿದರು. ಬಡತನದ ರೇಖೆ ಎಂಬುದನ್ನು ಶಿಲ್ಲಿಂಗು, ಪೆನ್ಸುಗಳಲ್ಲಿ ಎಳೆದು ತೋರಿಸಿದ ಕೆಲಸ ಅದು. ಗಂಡ, ಹೆಂಡತಿ, ಮೂರು ಮಕ್ಕಳ ಸಂಸಾರಕ್ಕೆ ವಾರಕ್ಕೆ 21 ಶಿಲ್ಲಿಂಗ್ 8 ಪೆನ್ಸ್ ಇಲ್ಲದಿದ್ದರೆ ಮೈಯಲ್ಲಿ ಕಸುವು ಉಳಿಸಿಕೊಳ್ಳುವಷ್ಟು ಊಟವೂ ಸಿಗದು ಎಂದು ಅವರು ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ಬೀರಿಗೆ, ಪತ್ರಿಕೆಗೆ, ಟ್ರಾಮಿಗೆ ಒಂದು ಕಾಸೂ ಸೇರಿಲ್ಲ. ಊರಿನಲ್ಲಿ ಸಾಮಾನ್ಯ ಕೂಲಿಯವನ ವಾರದ ಗಳಿಕೆ ಅದಕ್ಕಿಂತಲೂ ಕಡಿಮೆ. ಊರಿನ ಒಟ್ಟು ಜನರಲ್ಲಿ ನೂರಕ್ಕೆ ಸುಮಾರು 28 ಮಂದಿ ಬಡತನದಲ್ಲಿದ್ದರು. ನಿಮ್ಮ ಪ್ರಶ್ನೆಗೆ ನೇರವಾಗಿ ತಟ್ಟುವ ಅಂಕಿ ಇನ್ನೊಂದಿದೆ. ಆಳುಕಾಳು ಇಟ್ಟುಕೊಂಡಿದ್ದ ಮನೆಗಳಲ್ಲಿ ಸಾವಿರಕ್ಕೆ 94 ಶಿಶುಗಳು ಸತ್ತರೆ, ಒಳ್ಳೆಯ ಸಂಬಳದ ಕಾರ್ಮಿಕರಲ್ಲಿ 173, ಮಧ್ಯದವರಲ್ಲಿ 184, ಕಡುಬಡವರ ಬೀದಿಗಳಲ್ಲಿ 247. ನಾಲ್ಕಕ್ಕೆ ಒಂದು ಮಗು! ಒಂದೇ ಊರು, ಒಂದೇ ನದಿ, ಒಂದೇ ಹವೆ. ಬದುಕಿ ಉಳಿದವರ ಮೈಯಲ್ಲೂ ಈ ಅಂತರ ಕಾಣುತ್ತಿತ್ತು: ಹದಿಮೂರು ವರ್ಷದ ಬಡ ಹುಡುಗ ಅನುಕೂಲವಿದ್ದ ಕಾರ್ಮಿಕನ ಮಗನಿಗಿಂತ ಸರಾಸರಿ ಮೂರೂವರೆ ಅಂಗುಲ ಗಿಡ್ಡ.

ಇನ್ನು ಆಗಸ್ಟ್ ತಿಂಗಳಿಗೆ ಬರೋಣ. ಅದು ಅರ್ಥವಾಗಬೇಕಾದರೆ ಮನೆಯ ಹಿತ್ತಲಿಗೆ ಹೋಗಬೇಕು. ಯಾರ್ಕ್‌ನಲ್ಲಿ ಆಗ ಸಾವಿರಾರು ಮನೆಗಳಿಗೆ ನೀರಿನ ಪಾಯಿಖಾನೆ ಇರಲಿಲ್ಲ. ಇದ್ದದ್ದು ‘ಮಿಡನ್’ ಎಂಬ ಗುಂಡಿ ಕಕ್ಕಸು. ಹಲಗೆಯ ಪೀಠ, ಅದರ ಹಿಂದೆ ಇಟ್ಟಿಗೆಯ ಗುಂಡಿ. ಒಲೆಯ ಬೂದಿ, ತರಕಾರಿ ಸಿಪ್ಪೆ, ಮನೆಯ ಕಸ ಎಲ್ಲವೂ ಅದೇ ಗುಂಡಿಗೆ. ಹಂಗೇಟ್, ವಾಮ್‌ಗೇಟ್‌ನಂಥ ಕೇರಿಗಳಲ್ಲಿ ಹಲವು ಸಂಸಾರಗಳಿಗೆ ಸೇರಿ ಒಂದು ಕಕ್ಕಸು, ಅಂಗಳಕ್ಕೊಂದೇ ನಲ್ಲಿ. ಗುಂಡಿ ತುಂಬಿದ ಮೇಲೆ ಪುರಸಭೆಯ ಆಳುಗಳು ರಾತ್ರಿ ಬಂದು ಸಲಿಕೆಯಿಂದ ಎತ್ತಿ ಗಾಡಿಗೆ ತುಂಬುತ್ತಿದ್ದರು. ಹಿಂಬದಿಗೆ ದಾರಿಯಿಲ್ಲದ ಮನೆಯಾದರೆ ಆ ಹೊಲಸನ್ನು ಹೊತ್ತು ತರುವ ದಾರಿ ಮನೆಯೊಳಗಿನಿಂದಲೇ. ಹಳೆಯ ಬೆಂಗಳೂರು ಬಲ್ಲವರಿಗೆ ಈ ಸಮಸ್ಯೆ ಹೊಸದಲ್ಲ. 1898ರ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಕಟ್ಟಿದಾಗ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ ಬಿಟ್ಟದ್ದು ಇದಕ್ಕಾಗಿಯೇ. ಆ ಪದ್ಧತಿಯೂ ಆ ಹೆಸರೂ ಇಂಗ್ಲೆಂಡಿನ ಪುರಸಭೆಗಳಿಂದ ಬಂದವು. ಯಾರ್ಕ್‌ನ ಹಳೆಯ ಕೇರಿಗಳಿಗೆ ಮಾತ್ರ ಅಂಥ ಓಣಿಯ ಭಾಗ್ಯವೂ ಇರಲಿಲ್ಲ.

ಇದಕ್ಕೆ ಕುದುರೆಗಳನ್ನು ಸೇರಿಸಿ. ಊರಿನ ಸಾಗಣೆಯೆಲ್ಲ ಕುದುರೆಯ ಮೇಲೆ. ಲಾಯಗಳು ಮನೆಗಳ ನಡುವೆಯೇ, ಲದ್ದಿಯ ತಿಪ್ಪೆಗಳೂ ಅಲ್ಲೇ. ದನ ಕೊಯ್ಯುವ ಖಾಸಗಿ ಕಸಾಯಿಖಾನೆಗಳೂ ಊರೊಳಗೇ ಇದ್ದವು. ಬಿಸಿಲು ಏರಿದಂತೆ ನೊಣ ಏಳುತ್ತದೆ. ನೊಣ ಗುಂಡಿಯಿಂದ ಎದ್ದು ಅಡುಗೆ ಕೋಣೆಗೆ ಬರಲು ಹತ್ತು ಹೆಜ್ಜೆಯೂ ಬೇಡ.

ಅಡುಗೆ ಕೋಣೆಯಲ್ಲಿ ಅದಕ್ಕಾಗಿಯೇ ಕಾದಂತೆ ಎರಡು ವಸ್ತುಗಳು ಇರುತ್ತಿದ್ದವು. ಒಂದು, ಡಬ್ಬಿ ಹಾಲು. ಕೆನೆ ತೆಗೆದು, ಸಕ್ಕರೆ ಸುರಿದು ಗಟ್ಟಿ ಮಾಡಿದ ಅಗ್ಗದ ಹಾಲು ಅದು. ಮಗುವಿಗೆ ಬೇಕಾದ ಕೊಬ್ಬು ಅದರಲ್ಲಿ ಇಲ್ಲವೇ ಇಲ್ಲ. ಡಬ್ಬಿಯ ಮೇಲೆ ‘ಕೆನೆ ತೆಗೆದದ್ದು’ ಎಂದು ಅಚ್ಚು ಹಾಕಬೇಕೆಂಬ ಕಾನೂನು 1899ರಲ್ಲಿ ಬಂತು, ಅದನ್ನು ಓದಿ ಬೇರೆ ಹಾಲು ಕೊಳ್ಳುವ ಶಕ್ತಿ ಯಾರಿಗಿತ್ತು? ತೆರೆದ ಡಬ್ಬಿ ದಿನಗಟ್ಟಲೆ ಹಲಗೆಯ ಮೇಲೆ. ಸಿಹಿ ಇದ್ದುದರಿಂದ ಹಾಲು ಹುಳಿಯುತ್ತಿರಲಿಲ್ಲ, ನೊಣಗಳಿಗೂ ಬಲು ಇಷ್ಟ. ಎರಡು, ಉದ್ದ ಕೊಳವೆಯ ಹಾಲಿನ ಬಾಟಲಿ. ದೋಣಿಯಾಕಾರದ ಚಪ್ಪಟೆ ಗಾಜಿನ ಸೀಸೆ, ಅದರ ಬಾಯಿಂದ ಹೊರಟ ಗೇಣುದ್ದದ ರಬ್ಬರ್ ನಳಿಕೆ, ತುದಿಗೆ ತೊಟ್ಟು. ಸೀಸೆಯನ್ನು ತೊಟ್ಟಿಲಲ್ಲಿ ಪಕ್ಕಕ್ಕೆ ಇಟ್ಟು ತೊಟ್ಟನ್ನು ಮಗುವಿನ ಬಾಯಿಗೆ ಕೊಟ್ಟುಬಿಟ್ಟರೆ ಅದು ತಾನೇ ಹೀರಿಕೊಳ್ಳುತ್ತಿತ್ತು, ತಾಯಿ ಹಿಡಿದು ಕೂರಬೇಕಿರಲಿಲ್ಲ. ನಳಿಕೆಯ ಒಳಮೈ ತೊಳೆಯುವುದು ಯಾರಿಂದಲೂ ಸಾಧ್ಯವಿಲ್ಲದ ಮಾತು. ಹಳೆಯ ಹಾಲು ಒಳಗೆ ಲೋಳೆಯಾಗಿ ಅಂಟಿ, ಮುಂದಿನ ಹಾಲು ಅದರ ಮೂಲಕವೇ ಹರಿಯುತ್ತಿತ್ತು. ವೈದ್ಯರು ಅದನ್ನು ‘ಕೊಲೆಗಡುಕ ಬಾಟಲಿ’ ಎಂದು ಕರೆದರು. ಹೆಸರು ಇಟ್ಟದ್ದಷ್ಟೇ ಬಂತು. ಮಾರಾಟ ವರ್ಷಗಟ್ಟಲೆ ನಿಲ್ಲಲಿಲ್ಲ.

ಈ ಭೇದಿ ಯಾವಾಗ ಏಳುತ್ತದೆ ಎಂಬುದನ್ನು 1880ರ ದಶಕದಲ್ಲೇ ಎಡ್ವರ್ಡ್ ಬಲ್ಲಾರ್ಡ್ ಎಂಬ ಸರ್ಕಾರಿ ವೈದ್ಯ ಕಂಡುಕೊಂಡಿದ್ದರು. ನೆಲದೊಳಗೆ ನಾಲ್ಕು ಅಡಿ ಆಳದಲ್ಲಿ ಹೂತ ಥರ್ಮಾಮೀಟರ್ ಸುಮಾರು 56 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ತನಕ ಸಾವು ಏರುವುದಿಲ್ಲ, ಮುಟ್ಟಿತೋ, ಏರತೊಡಗುತ್ತದೆ. ನಮ್ಮ ಅಳತೆಯಲ್ಲಿ ಅದು 13 ಡಿಗ್ರಿ ಸೆಲ್ಸಿಯಸ್, ಬೆಂಗಳೂರಿನ ಮಾಗಿ ಚಳಿಯ ಮುಂಜಾವು! ಆದರೆ ಅಷ್ಟು ಆಳದ ಮಣ್ಣು ಅಷ್ಟು ಬಿಸಿಯಾಗಬೇಕಾದರೆ ಮೇಲೆ ವಾರಗಟ್ಟಲೆ ಬಿಸಿಲು ಕಾದಿರಬೇಕು. ಬಲ್ಲಾರ್ಡ್ ಮಣ್ಣಿನಲ್ಲೇ ಏನೋ ವಿಷಬೀಜವಿದೆ ಎಂದು ಊಹಿಸಿದರು. ಊಹೆ ತಪ್ಪು, ಗಮನಿಕೆ ಸರಿ. ಇಂಗ್ಲೆಂಡಿನ ಪುರಸಭೆಗಳು ಮುಂದೆ ಬಹಳ ವರ್ಷ ಆ ಥರ್ಮಾಮೀಟರನ್ನು ನೋಡುತ್ತಲೇ ಇದ್ದವು. ಬ್ರೈಟನ್ನಿನ ಆರೋಗ್ಯಾಧಿಕಾರಿ ಆರ್ಥರ್ ನ್ಯೂಸ್‌ಹೋಮ್ ಮಾತ್ರ ಸರಿಯಾದ ಜಾಗಕ್ಕೆ ಬೆರಳಿಟ್ಟರು: ಹಾಲು ಕೆಡುವುದು ಹಸುವಿನ ಕೊಟ್ಟಿಗೆಯಲ್ಲಷ್ಟೇ ಅಲ್ಲ, ಮನೆಯೊಳಗೆ, ಬೀದಿ ಅಂಗಳಗಳ ಹೊಲಸು ಅದಕ್ಕೆ ಮೂಲ.

ಆದರೆ ಊರಿನ ಗಣ್ಯರ ಬೆರಳು ಬೇರೆ ಕಡೆಗಿತ್ತು. ಮಕ್ಕಳು ಸಾಯುವುದು ತಾಯಂದಿರ ಅಜ್ಞಾನದಿಂದ, ಅವರು ಕಾರ್ಖಾನೆಗೆ ಹೋಗುವುದರಿಂದ ಎಂದು ಸಭೆಗಳಲ್ಲಿ ಭಾಷಣಗಳಾದವು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸೇರಲು ಬಂದ ಯುವಕರ ಸೊರಗಿದ ಮೈ ನೋಡಿ ಸಾಮ್ರಾಜ್ಯಕ್ಕೆ ದಿಗಿಲು ಹುಟ್ಟಿದ ಮೇಲೆ ಈ ಭಾಷಣಗಳು ಇನ್ನೂ ಜೋರಾದವು. ಎದೆಹಾಲು ಕುಡಿದ ಮಕ್ಕಳು ಭೇದಿಯಿಂದ ಸಾಯುವುದು ತೀರ ಕಡಿಮೆ ಎಂಬುದು ನಿಜ. ಎಲ್ಲ ಊರಿನ ಲೆಕ್ಕಗಳೂ ಅದನ್ನೇ ಹೇಳಿದವು. ಆದರೆ ಡರಮ್ ಸೀಮೆಯ ಕಲ್ಲಿದ್ದಲು ಊರುಗಳಲ್ಲಿ ಹೆಂಡತಿಯರಿಗೆ ಹೊರಗೆ ಕೆಲಸವೇ ಇರಲಿಲ್ಲ, ಅಲ್ಲೂ ಮಕ್ಕಳು ಸಾಲಾಗಿ ಸತ್ತರು. ಗಂಡನಿಗೆ ಮಾಂಸ, ಮಕ್ಕಳಿಗೆ ಬ್ರೆಡ್ಡು ಹಂಚಿ, ತಾನು ಚಹಾ ಕುಡಿದು ಮಲಗುವ ಹೆಂಗಸಿನ ಎದೆಯಲ್ಲಿ ಹಾಲು ಎಲ್ಲಿಂದ ಬರಬೇಕು? ಕಾಯಿಸಿದ ನೀರಿನಲ್ಲಿ ಬಾಟಲಿ ತೊಳೆಯಿರಿ ಎಂದು ಕರಪತ್ರ ಹಂಚುವುದು ಸುಲಭ. ಅಂಗಳದ ನಲ್ಲಿಯಿಂದ ಬಕೆಟ್ ಹೊತ್ತು ಮಹಡಿ ಹತ್ತಿ, ಕಲ್ಲಿದ್ದಲಿಗೆ ಕಾಸು ಹೊಂದಿಸಿ ನೀರು ಕಾಯಿಸುವವಳ ಪಾಡು ಬೇರೆ. ಆ ಕಾಲದ ವರದಿಗಳಲ್ಲಿ ತಾಯಂದಿರನ್ನು ಬೈದ ಪುಟಗಳನ್ನು ಓದುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ನಿಮ್ಮ ನೆರೆಯವರು ತೋರಿಸಿದ ಪ್ರಮಾಣಪತ್ರದ ವಿಷಯ. ಕನ್ವಲ್ಷನ್ಸ್ ಎಂದರೆ ಸೆಳವು, ಫಿಟ್ಸ್. ಅದು ಕಾಯಿಲೆಯಲ್ಲ, ಕಾಯಿಲೆಯ ಕೊನೆಯ ಲಕ್ಷಣ. ಭೇದಿಯಿಂದ ಮೈಯ ನೀರು, ಉಪ್ಪು ಬಸಿದುಹೋದ ಮಗುವಿಗೆ ಕಡೆಗೆ ಸೆಳವು ಬರುತ್ತದೆ. ನ್ಯುಮೋನಿಯಾ, ನಾಯಿಕೆಮ್ಮು, ಮೆದುಳಿನ ಕ್ಷಯದಲ್ಲೂ ಬರಬಹುದು. 1874ರ ಕಾನೂನಿನಂತೆ ಚಿಕಿತ್ಸೆ ಮಾಡಿದ ವೈದ್ಯ ಕಾರಣ ಬರೆದುಕೊಡಬೇಕಿತ್ತು, ಆದರೆ ಸತ್ತ ಮೇಲೆ ಹೋಗಿ ದೇಹ ನೋಡಬೇಕೆಂದಿರಲಿಲ್ಲ. ಬಡವರ ಮನೆಗೆ ಒಮ್ಮೆ ಬಂದುಹೋದ ವೈದ್ಯ ಮನೆಯವರು ಹೇಳಿದ್ದನ್ನು ಬರೆದುಬಿಡುತ್ತಿದ್ದ. ‘ಹಲ್ಲು ಬರುವುದು’ ಎಂದೂ ಸಾವಿಗೆ ಕಾರಣ ಬರೆದಿರುವುದನ್ನು ನೀವು ನೋಡುತ್ತೀರಿ. ಹಲ್ಲು ಬಂದು ಯಾವ ಮಗುವೂ ಸತ್ತಿಲ್ಲ. ಆರು ತಿಂಗಳಿಗೆ ಹಲ್ಲೂ ಮೇಲಾಹಾರವೂ ಒಟ್ಟಿಗೆ ಬರುತ್ತವೆ, ಮೇಲಾಹಾರದ ಜೊತೆ ಭೇದಿ. ‘ಮರಾಸ್ಮಸ್’, ‘ಹುಟ್ಟು ನಿಶ್ಶಕ್ತಿ’ ಎಂದರೆ ಮಗು ಸೊರಗಿ ಸತ್ತಿತು ಎಂದಷ್ಟೇ. ‘ಟೇಬೀಸ್ ಮೆಸೆಂಟೆರಿಕಾ’ ಎಂದಿದ್ದರೆ ಹೊಟ್ಟೆಯ ಕ್ಷಯ, ಹೆಚ್ಚಾಗಿ ಕ್ಷಯ ತಗುಲಿದ ಹಸುವಿನ ಹಸಿ ಹಾಲಿನಿಂದ ಬಂದದ್ದು. ದನದ ಕ್ಷಯ ಮನುಷ್ಯನಿಗೆ ಅಷ್ಟಾಗಿ ತಗುಲುವುದಿಲ್ಲ ಎಂದು ಕ್ಷಯದ ರೋಗಾಣುವನ್ನು ಕಂಡುಹಿಡಿದ ಸ್ವತಃ ರಾಬರ್ಟ್ ಕಾಕ್ 1901ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ಘೋಷಿಸಿ ಗೊಂದಲವೆಬ್ಬಿಸಿದರು; ಅದು ತಪ್ಪೆಂದು ರಾಜ ಆಯೋಗ ಇತ್ಯರ್ಥ ಮಾಡಲು ಹತ್ತು ವರ್ಷ ಹಿಡಿಯಿತು. ಆದ್ದರಿಂದ ಕಾರಣದ ಕಾಲಮ್ಮಿಗಿಂತ ಮೊದಲು ತಿಂಗಳು, ವಯಸ್ಸು, ವಿಳಾಸ ನೋಡಿ. ಏಳು ತಿಂಗಳ ಮಗು, ಬಿಸಿಲಿನ ಬೇಸಿಗೆ ಕಂಡ 1906, ತಿಂಗಳು ಆಗಸ್ಟ್ ಅಥವಾ ಸೆಪ್ಟೆಂಬರ್ ಆಗಿದ್ದರೆ ನನ್ನ ಅನುಮಾನ ಭೇದಿಯ ಮೇಲೆ. ಫೆಬ್ರವರಿ ಆಗಿದ್ದರೆ ಶ್ವಾಸಕೋಶದ ಮೇಲೆ.

ಚಳಿಗಾಲದ ಕೊಲೆಗಾರನೇ ಬೇರೆ. ಕಲ್ಲಿದ್ದಲ ಹೊಗೆ, ಒದ್ದೆ ಗೋಡೆ, ಒಂದೇ ಕೋಣೆಯಲ್ಲಿ ಐದಾರು ಜನ: ಬ್ರಾಂಕೈಟಿಸ್, ನ್ಯುಮೋನಿಯಾಗಳು ಕೂಸುಗಳನ್ನೂ ಮುದುಕರನ್ನೂ ಒಟ್ಟಿಗೆ ಕೊಂಡೊಯ್ಯುತ್ತಿದ್ದವು. ಈ ಎರಡು ತುದಿಗಳ ನಡುವೆ, ಇಪ್ಪತ್ತರಿಂದ ಐವತ್ತರ ದುಡಿಯುವ ವಯಸ್ಸಿನಲ್ಲಿ, ಕ್ಷಯ. ದೇಶದ ಒಟ್ಟು ಸಾವುಗಳಲ್ಲಿ ಸುಮಾರು ಹತ್ತರಲ್ಲೊಂದು ಅದರ ಪಾಲು. ಕ್ಷಯ ಎಂದು ಬರೆದರೆ ಮನೆತನಕ್ಕೆ ಕಳಂಕ, ವಿಮೆಯ ಹಣಕ್ಕೂ ಅಡ್ಡಿಯಾದೀತು ಎಂದು ‘ಬ್ರಾಂಕೈಟಿಸ್’ ಎಂದು ಬರೆಸಿಕೊಂಡವರು ಎಷ್ಟೋ. ಶೆಫೀಲ್ಡ್ ನಗರ 1903ರಲ್ಲಿ ಕ್ಷಯದ ವರದಿಯನ್ನು ಕಡ್ಡಾಯ ಮಾಡಿತು. ದೇಶಕ್ಕೆಲ್ಲ ಅದು ಅನ್ವಯವಾದದ್ದು ಸುಮಾರು ಹತ್ತು ವರ್ಷದ ನಂತರ. ಮನೆಯ ಯಜಮಾನ ಕ್ಷಯದಿಂದ ಸತ್ತರೆ ಸಂಸಾರ ಬಡತನಕ್ಕೆ ಬಿತ್ತು. ಕಡುಬಡತನದಲ್ಲಿದ್ದವರ ಪೈಕಿ ನೂರಕ್ಕೆ ಸುಮಾರು 16 ಮಂದಿಯ ಸ್ಥಿತಿಗೆ ದುಡಿಯುವವನ ಸಾವೇ ಕಾರಣವೆಂದು ರೌನ್‌ಟ್ರೀ ಕಂಡರು. ಆ ಬಡತನ ಮುಂದಿನ ಮಗುವಿನ ಸಾವಿಗೆ ದಾರಿ. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ ಲೆಕ್ಕ.

ಆದರೆ ಊರು ಹೆದರುತ್ತಿದ್ದದ್ದು ಇವುಗಳಿಗಲ್ಲ. ಸಿಡುಬು, ಮೈಯೆಲ್ಲ ಕೆಂಪು ಗುಳ್ಳೆ ಏಳುವ ಸ್ಕಾರ್ಲೆಟ್ ಜ್ವರ, ಗಂಟಲಮಾರಿ (ಡಿಫ್ತೀರಿಯಾ), ಟೈಫಾಯ್ಡ್‌ಗಳೆಂದರೆ ನಡುಕ. ಇಂಥ ರೋಗ ಕಂಡೊಡನೆ ವೈದ್ಯ ಪುರಸಭೆಗೆ ತಿಳಿಸಬೇಕೆಂಬ ಕಾನೂನು 1889ರಿಂದ ಇತ್ತು, 1899ರಲ್ಲಿ ಎಲ್ಲೆಡೆ ಕಡ್ಡಾಯವಾಯಿತು. ಮುಚ್ಚಿದ ಗಾಡಿ ಬಂದು ಮಗುವನ್ನು ಊರಾಚೆಯ ಜ್ವರದ ಆಸ್ಪತ್ರೆಗೆ, ನಿಮ್ಮೂರಲ್ಲಾದರೆ ಯಾರ್ಸ್‌ಲಿ ಬ್ರಿಡ್ಜ್‌ಗೆ, ಕರೆದೊಯ್ಯುತ್ತಿತ್ತು. ಇತ್ತ ದಡಾರ, ನಾಯಿಕೆಮ್ಮುಗಳು ಸ್ಕಾರ್ಲೆಟ್ ಜ್ವರಕ್ಕಿಂತ ಎಷ್ಟೋ ಪಟ್ಟು ಮಕ್ಕಳನ್ನು ಕೊಲ್ಲುತ್ತಿದ್ದರೂ ಅವುಗಳಿಗೆ ಗಾಡಿಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ಎಲ್ಲ ಮಕ್ಕಳಿಗೂ ಬರುವ ಕಾಯಿಲೆಗೆ ಹೆದರುವವರು ಯಾರು? ಗಂಟಲಮಾರಿಗೆ ಮಾತ್ರ ನಿಜವಾದ ಔಷಧಿ ಬಂದಿತ್ತು, 1890ರ ದಶಕದ ಮಧ್ಯದಲ್ಲಿ, ಕುದುರೆಯ ರಕ್ತದಿಂದ ತೆಗೆದ ಆಂಟಿಟಾಕ್ಸಿನ್. ಬೇಗ ಚುಚ್ಚಿದರೆ ಮಗು ಉಳಿಯುತ್ತಿತ್ತು. ಆ ಕಾಲದ ವೈದ್ಯರ ಚೀಲದಲ್ಲಿ ಸೋಂಕನ್ನು ನಿಜಕ್ಕೂ ಎದುರಿಸಬಲ್ಲ ಮದ್ದು ಹುಡುಕಿದರೆ ಇದರ ಹೊರತು ಹೆಚ್ಚೇನೂ ಸಿಗದು.

ಹೆದರಿಕೆ ಹುಟ್ಟಿದರೆ ಪುರಸಭೆ ಎಷ್ಟು ಚುರುಕಾಗಬಲ್ಲದು ಎಂಬುದಕ್ಕೆ ಯಾರ್ಕ್‌ನ ದಕ್ಷಿಣಕ್ಕಿರುವ ಲಿಂಕನ್ ನಗರವನ್ನು ನೋಡಿ. 1904ರ ಕೊನೆಯಿಂದ 1905ರವರೆಗೆ ಅಲ್ಲಿ ಕುಡಿಯುವ ನೀರಿನಿಂದ ಟೈಫಾಯ್ಡ್ ಹಬ್ಬಿತು. ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ನೂರಕ್ಕೂ ಹೆಚ್ಚು ಜನ ಸತ್ತರು. ನದಿಯ ನೀರು ಮರಳಿನ ಸೋಸುತೊಟ್ಟಿಗಳ ಮೂಲಕ ಬರುತ್ತಿತ್ತು, ತೊಟ್ಟಿಗಳು ಕೈಕೊಟ್ಟಿದ್ದವು. ಕರೆಸಿಕೊಂಡ ತಜ್ಞ ಅಲೆಗ್ಸಾಂಡರ್ ಹ್ಯೂಸ್ಟನ್ 1905ರ ಆರಂಭದಲ್ಲಿ ನೀರಿಗೆ ಸೋಡಿಯಂ ಹೈಪೋಕ್ಲೋರೈಟ್ ಸೇರಿಸತೊಡಗಿದರು. ಊರಿಗೆ ಊರೇ ಕುಡಿಯುವ ನೀರಿಗೆ ಬಿಡುವಿಲ್ಲದೆ ಕ್ಲೋರಿನ್ ಬೆರೆಸಿದ್ದು ಬ್ರಿಟನ್ನಿನಲ್ಲಿ ಅದೇ ಮೊದಲು. ಮುಂದೆ ಇಪ್ಪತ್ತು ಮೈಲಿಗೂ ದೂರದ ನಾಟಿಂಗ್‌ಹ್ಯಾಮ್ ಸೀಮೆಯ ಎಲ್ಕ್ಸ್‌ಲಿಯಲ್ಲಿ ಕೊಳವೆಬಾವಿ ಕೊರೆದು 1911ರಲ್ಲಿ ಊರಿಗೆ ಹೊಸ ನೀರು ತಂದರು. ಒಂದು ಚಳಿಗಾಲದಲ್ಲಿ ನೂರು ಸಾವು ಒಟ್ಟಿಗೆ ಆದರೆ ಬಾವಿ ತೋಡಲು ಹಣ ಸಿಗುತ್ತದೆ. ಕೇರಿಯ ಶಿಶುಗಳು ಪ್ರತಿ ವರ್ಷ ಬಿಡಿಬಿಡಿಯಾಗಿ ಸತ್ತರೆ ಕಕ್ಕಸು ಬದಲಿಸಲು ಮನೆಯ ಮಾಲೀಕರ ಒಪ್ಪಿಗೆಗೆ ಕಾಯಬೇಕು. ನಾನು ಇಷ್ಟು ಹೊತ್ತು ಹೇಳಲು ಹೊರಟಿರುವುದು ಇದನ್ನೇ.

ಬಡತನವೊಂದೇ ಎಲ್ಲಕ್ಕೂ ಕಾರಣವೆಂದು ಹೇಳಿಬಿಡಬಹುದಿತ್ತು, ಬಾಣಂತಿಯರ ಸಾವು ಅಡ್ಡ ಬರುತ್ತದೆ. ಸಾವಿರ ಹೆರಿಗೆಗೆ ಸುಮಾರು ನಾಲ್ವರು ತಾಯಂದಿರು ಸಾಯುತ್ತಿದ್ದರು. ಬಾಣಂತಿ ಜ್ವರ ಅದರಲ್ಲಿ ಮುಖ್ಯ. ಇಲ್ಲಿ ಸಿರಿವಂತೆಗೆ ರಕ್ಷಣೆಯಿರಲಿಲ್ಲ. ಇಕ್ಕಳ ಹಿಡಿದು ಅವಸರಪಡುವ ವೈದ್ಯನಿಗಿಂತ ಕೈ ತೊಳೆದು ಕಾಯುವ ಸೂಲಗಿತ್ತಿ ಎಷ್ಟೋ ಸಲ ವಾಸಿ. 1902ರ ಕಾನೂನು ಸೂಲಗಿತ್ತಿಯರಿಗೆ ತರಬೇತಿ, ನೋಂದಣಿ ತಂದಿತು. ಆದರೂ ಈ ಸಂಖ್ಯೆ ನಿಜವಾಗಿ ಕುಸಿದದ್ದು 1930ರ ದಶಕದ ನಡುವೆ ಸೋಂಕನ್ನು ಅಡಗಿಸುವ ಸಲ್ಫಾ ಔಷಧಿ ಬಂದ ಮೇಲೆ. ಅಂದರೆ ನಿಮ್ಮ ಪ್ರಶ್ನೆಗೆ ಇದು ವಿರುದ್ಧ ದಿಕ್ಕಿನ ಉದಾಹರಣೆ: ಇಲ್ಲಿ ಔಷಧಿಯೇ ಬೇಕಾಯಿತು.

ಅಪಘಾತಗಳ ಬಗ್ಗೆ ಎರಡು ಮಾತು. ಯಾರ್ಕ್ ರೈಲ್ವೆಯ ಊರು. ಬೋಗಿಗಳನ್ನು ಜೋಡಿಸುವಾಗ, ಹಳಿ ದಾಟುವಾಗ ಸತ್ತ ಗಂಡಸರ ಹೆಸರುಗಳು ಕಲ್ಲುಗಳ ಮೇಲೆ ಸಿಗಬಹುದು. ಮನೆಯೊಳಗೆ ತೆರೆದ ಅಗ್ಗಿಷ್ಟಿಕೆಯ ಮುಂದೆ ಫ್ಲಾನಲೆಟ್ ಎಂಬ ಜುಂಗು ಹತ್ತಿಬಟ್ಟೆಯ ಅಂಗಿಗೆ ಕಿಡಿ ಹಾರಿ ಸುಟ್ಟುಕೊಂಡ ಮಕ್ಕಳು ಎಷ್ಟಿದ್ದರೆಂದರೆ, ಬೆಂಕಿಗೆ ಅಡ್ಡಗಟ್ಟೆ ಇಡದೆ ಏಳು ವರ್ಷದೊಳಗಿನ ಮಗು ಸುಟ್ಟು ಸತ್ತರೆ ಅಥವಾ ತೀವ್ರವಾಗಿ ಗಾಯಗೊಂಡರೆ ಪೋಷಕರಿಗೆ ದಂಡವೆಂದು 1908ರ ಮಕ್ಕಳ ಕಾಯ್ದೆಯಲ್ಲಿ ಬರೆಯಬೇಕಾಯಿತು.

ಹಾಗಾದರೆ ಸಾವು ಇಳಿದದ್ದು ಹೇಗೆ? 1910ರಲ್ಲಿ ಶಿಶು ಮರಣ ಸಾವಿರಕ್ಕೆ 105ಕ್ಕೆ ಬಂದಿತ್ತು. ಹತ್ತು ವರ್ಷದಲ್ಲಿ ಮೂರನೇ ಒಂದು ಭಾಗ ಕಡಿಮೆ, ಒಂದು ಗುಳಿಗೆಯ ಸಹಾಯವೂ ಇಲ್ಲದೆ. ಇದರ ಬಗ್ಗೆ ವಿದ್ವಾಂಸರ ಜಗಳ ಇನ್ನೂ ನಿಂತಿಲ್ಲ. ಥಾಮಸ್ ಮೆಕೀವನ್ 1970ರ ದಶಕದಲ್ಲಿ, ಜನ ಚೆನ್ನಾಗಿ ಉಂಡದ್ದೇ ಕಾರಣ, ವೈದ್ಯರ ಪಾಲು ಅತ್ಯಲ್ಪ ಎಂದರು. ಸೈಮನ್ ಶ್ರೆಟರ್ 1988ರಲ್ಲಿ ಅದನ್ನು ಎದುರಿಸಿ, ಪುರಸಭೆಗಳು ಹಟ ಹಿಡಿದು ಮಾಡಿದ ಚರಂಡಿ, ನೀರು, ಮನೆಗಳ ಕೆಲಸವನ್ನು ಮರೆಯಬೇಡಿ ಎಂದರು. ಕ್ಷಯದ ಮಟ್ಟಿಗೆ ಮೆಕೀವನ್ ಮಾತಿನಲ್ಲಿ ಸತ್ವವಿದೆ. ಅದು ಔಷಧಿ ಬರುವ ಎಷ್ಟೋ ದಶಕ ಮೊದಲೇ ಇಳಿಯುತ್ತಿತ್ತು. ಬೇಸಿಗೆ ಭೇದಿಯ ಮಟ್ಟಿಗೆ ನಾನು ಶ್ರೆಟರ್ ಪಕ್ಷ. ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವು 1860ರ ದಶಕದಿಂದಲೇ ಇಳಿಯತೊಡಗಿತ್ತು, ಶಿಶುಗಳದು 1900ರವರೆಗೆ ಕದಲಲಿಲ್ಲ. ಊಟವೊಂದೇ ಕಾರಣವಾಗಿದ್ದರೆ ಎರಡೂ ಒಟ್ಟಿಗೆ ಇಳಿಯಬೇಕಿತ್ತಲ್ಲ?

ಸಣ್ಣ ಸಣ್ಣ ಕೆಲಸಗಳು ಒಟ್ಟಾಗಿ ಸೇರಿದವು. ಹೆರುವ ಮಕ್ಕಳ ಸಂಖ್ಯೆ ಇಳಿದಿತ್ತು, ತಾಯಂದಿರು ಓದು ಬಲ್ಲವರಾಗಿದ್ದರು. ಗುಂಡಿ ಕಕ್ಕಸುಗಳು ನಿಧಾನವಾಗಿ ನೀರಿನವಾದವು. ಸೇಂಟ್ ಹೆಲೆನ್ಸ್ ಪಟ್ಟಣ 1899ರಲ್ಲಿ ಶುದ್ಧಗೊಳಿಸಿದ ಹಾಲನ್ನು ಬಾಟಲಿಯಲ್ಲಿ ಮಾರುವ ಕೇಂದ್ರ ತೆರೆಯಿತು. ಹಡರ್ಸ್‌ಫೀಲ್ಡ್‌ನ ಮೇಯರ್ ಬೆಂಜಮಿನ್ ಬ್ರಾಡ್‌ಬೆಂಟ್ 1904ರಲ್ಲಿ ಲಾಂಗ್‌ವುಡ್ ಬಡಾವಣೆಯ ಪ್ರತಿ ನವಜಾತ ಶಿಶುವಿನ ಮನೆಗೂ ಒಂದು ಚೀಟಿ ಕೊಟ್ಟರು: ಮಗು ವರ್ಷ ತುಂಬಿದ ದಿನ ಒಂದು ಪೌಂಡ್ ಬಹುಮಾನ. ಒಂದು ಪೌಂಡ್ ಎಂದರೆ ಕೂಲಿಯವನ ಸುಮಾರು ಒಂದು ವಾರದ ದುಡಿಮೆ. ಹಣಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಅದರ ಹಿಂದಿನ ಏರ್ಪಾಡು. ಹುಟ್ಟಿದ ಸುದ್ದಿ ಎರಡು ದಿನದಲ್ಲಿ ಪುರಸಭೆಗೆ ಮುಟ್ಟಬೇಕು, ಆ ಮನೆಗೆ ವೈದ್ಯೆಯೊಬ್ಬರು ಹೋಗಿ ಬರಬೇಕು. ಕಾಯಿಲೆ ಬಿದ್ದ ಮೇಲೆ ಹೋಗುವುದಲ್ಲ, ಬೀಳುವ ಮೊದಲು. ಈ ಉಪಾಯವನ್ನೇ 1907ರ ಜನನ ಸೂಚನಾ ಕಾಯ್ದೆ ಇತರ ಊರುಗಳಿಗೂ ಒದಗಿಸಿತು.

ಹವೆಯ ಕೈವಾಡವನ್ನೂ ಮರೆಯಬಾರದು. ಆ ದಶಕದ ಹಲವು ಬೇಸಿಗೆಗಳು ತಂಪಾಗಿದ್ದವು, ಆರೋಗ್ಯಾಧಿಕಾರಿಗಳು ಬೀಗಿದರು. 1911ರಲ್ಲಿ ಬಿಸಿಲು ಕಾಯ್ದದ್ದೇ ತಡ, ಶಿಶು ಮರಣ 130ಕ್ಕೆ ಹಾರಿತು. ಮರುವರ್ಷ ಮಳೆಯ ಬೇಸಿಗೆ, 95ಕ್ಕೆ ಇಳಿಯಿತು. ಹಿತ್ತಲಿನ ಗುಂಡಿಗಳು ಇನ್ನೂ ಎಷ್ಟು ಉಳಿದಿದ್ದವು ಎಂಬುದನ್ನು 1911 ಬಯಲಿಗೆಳೆಯಿತು. ಯಾರ್ಕ್‌ನ ಆರೋಗ್ಯಾಧಿಕಾರಿ ಹಂಗೇಟ್ ಕೇರಿಯ ಸ್ಥಿತಿಯ ಮೇಲೆ ಪ್ರತ್ಯೇಕ ವರದಿ ಕೊಟ್ಟದ್ದು 1908ರಲ್ಲಿ. ಅಲ್ಲಿನ ಮನೆಗಳನ್ನು ಕೆಡವಿದ್ದು 1930ರ ದಶಕದಲ್ಲಿ. ಈಗಿನ ಶತಮಾನದ ಆರಂಭದಲ್ಲಿ ಅದೇ ಜಾಗವನ್ನು ಯಾರ್ಕ್‌ನ ಪುರಾತತ್ವ ಸಂಸ್ಥೆ ಅಗೆದು, ಆ ಮನೆಗಳ ಅಡಿಪಾಯ, ಅಂಗಳದ ಸಾಮೂಹಿಕ ಕಕ್ಕಸುಗಳನ್ನು ಹೊರತೆಗೆಯಿತು. ಪುರಸಭೆಯ ಹಳೆಯ ಕಾಗದಪತ್ರಗಳು ಊರಿನ ಗ್ರಂಥಾಲಯದ ಪತ್ರಾಗಾರದಲ್ಲಿವೆ. ನಿಮ್ಮ ನೆರೆಯವರನ್ನು ಅಲ್ಲಿಗೆ ಕಳುಹಿಸಿ, ಪ್ರಮಾಣಪತ್ರದಲ್ಲಿರುವ ವಿಳಾಸದ ಮನೆಗೆ ನೀರಿನ ಪಾಯಿಖಾನೆ ಯಾವ ವರ್ಷ ಬಂತು ಎಂದು ಹುಡುಕಲು ಹೇಳಿ.